ಮನೆಯೊಳಗಿನ ಗರಡಿ

ಘಟಪ್ರಭಾ ನದಿಯ ನೀರಿನಿಂದ ಬೆಳೆದು ನಿಂತ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಾಡು ಕಬ್ಬು ಗೋವಿನಜೋಳಗಳಿಗೆ ಹೆಸರಾದಂತೆ ಮೈಕಸುವಿಗೂ ಹೆಸರಾದುದು. ನಾಗನೂರಿನಂಥ ಊರುಗಳ ಕಡೆ ಜಾತ್ರೆಯೆಂದರೆ ಪಲ್ಲಕ್ಕಿ, ತೇರು, ವಾದ್ಯಮೇಳಗಳ ಜೊತೆಗೆ ಕುಸ್ತಿಯ ಕಣವೂ ನೆನಪಿಗೆ ಬರುತ್ತದೆ. ಗುಂಡುಕಲ್ಲನ್ನು ಹೆಗಲಿಗೇರಿಸುವ, ಸಂಗ್ರಾಣಿ ಕಲ್ಲನ್ನು ಒಂದೇ ಕೈಯಿಂದ ಎತ್ತುವ, ಕಾಳು ತುಂಬಿದ ಚೀಲವನ್ನು ಹೊತ್ತು ನಿಲ್ಲುವ ಸ್ಪರ್ಧೆಗಳು ಉತ್ತರ ಕರ್ನಾಟಕದ ಹಳ್ಳಿಗಳ ಹಳೆಯ ಸಂಭ್ರಮಗಳು. ಗೋಕಾಕದ ಕರದಂಟು ಇಂದು ಪೇಟೆಯ ಸಿಹಿತಿಂಡಿಯಾಗಿದ್ದರೂ ಬೆಲ್ಲ, ಅಂಟು, ಒಣಹಣ್ಣುಗಳನ್ನು ಕೂಡಿಸಿದ ಆ ತಿನಿಸು ಮೈಗೆ ಬಲ ಕೊಡುವ ಆಹಾರವೆಂಬ ನಂಬಿಕೆ ಜನರಲ್ಲಿ ಇನ್ನೂ ಉಳಿದಿದೆ. ದೇಹಬಲವನ್ನು ಗೌರವಿಸುವುದು ಈ ನಾಡಿನ ಜನರ ಸಹಜ ಗುಣವಾಗಿತ್ತು.

ಈ ಬಲವನ್ನು ಬೆಳೆಸುತ್ತಿದ್ದ ಸ್ಥಳ ಗರಡಿಮನೆ. ಗಡಿನಾಡಿನ ಜನ ಇದನ್ನು ತಾಲೀಮು ಎಂದೂ ಕರೆಯುತ್ತಾರೆ. ತಗ್ಗಾದ ಬಾಗಿಲು, ಒಳಗೆ ಹನುಮಂತ ದೇವರ ಗೂಡು, ನಡುವೆ ಕೆಮ್ಮಣ್ಣಿನ ಅಖಾಡ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಲಿಂಬೆಯ ರಸ, ಅರಿಶಿನಗಳನ್ನು ಬೆರೆಸಿ ಹದಗೊಳಿಸುತ್ತಿದ್ದರು. ಗೋಡೆಗೆ ಒರಗಿಸಿಟ್ಟ ಗದೆ, ಲೋಡುಗಳು ಅಲ್ಲಿಯ ಸಂಪತ್ತು. ಆದರೆ ಗರಡಿಯ ನಿಜವಾದ ಸಂಪತ್ತು ಈ ಸಾಮಗ್ರಿಗಳಿಗಿಂತ ಬೇರೆಯಾದುದು. ಅದು ಅಲ್ಲಿಯ ಗುರು; ಜನರ ಮಾತಿನಲ್ಲಿ ಹೇಳುವುದಾದರೆ ವಸ್ತಾದ.

ವಸ್ತಾದನ ಕೆಲಸವೇನು? ಮೊದಲ ನೋಟಕ್ಕೆ ಆತನು ಪಟ್ಟುಗಳನ್ನು ತೋರಿಸುವವನು ಎನಿಸುತ್ತದೆ. ದಂಡ ಹೊಡೆಯುವ ಬಗೆ, ಬಸ್ಕಿ ಹೊಡೆಯುವ ಬಗೆ, ಲೋಡು ತಿರುಗಿಸುವ ಬಗೆಗಳನ್ನು ಆತನು ತೋರಿಸಿಕೊಡುವುದು ನಿಜ. ಆದರೆ ತೋರಿಸುವ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಆತನು ನೋಡುತ್ತಾನೆ. ಹೊಸದಾಗಿ ಬಂದ ಹುಡುಗನ ಸೊಂಟ ದಂಡದ ನಡುವೆ ಜೋತುಬಿದ್ದಿತೇ, ಬಸ್ಕಿಯಲ್ಲಿ ಮೊಣಕಾಲು ಒಳಕ್ಕೆ ವಾಲಿತೇ, ಉಸಿರು ಬಿಗಿಹಿಡಿದು ಮುಖ ಕೆಂಪಾಯಿತೇ ಎಂಬುದನ್ನು ಆತನ ಕಣ್ಣು ಕೂಡಲೇ ಗುರುತಿಸುತ್ತದೆ. ನಿನ್ನೆ ಜ್ವರದಿಂದ ಎದ್ದವನಿಗೆ ಇಂದು ಹತ್ತೇ ದಂಡ ಸಾಕೆಂದೂ ಸೋಮಾರಿತನದಿಂದ ಕುಳಿತವನಿಗೆ ಇನ್ನೂ ಹತ್ತು ಬೇಕೆಂದೂ ಆತನು ಹೇಳಬಲ್ಲನು. ಗರಡಿಯ ವಿದ್ಯೆ ನಿಂತಿದ್ದುದು ಈ ನೋಡುವ ಕಣ್ಣಿನ ಮೇಲೆ.

ಈಗ ಕಾಲ ಬದಲಾಗಿದೆ. ಅನೇಕ ಊರುಗಳಲ್ಲಿ ಗರಡಿಮನೆಗಳು ಬರಿದಾಗಿವೆ. ನಗರಗಳಲ್ಲಿ ಯಂತ್ರಗಳಿಂದ ಕೂಡಿದ ವ್ಯಾಯಾಮಶಾಲೆಗಳಿದ್ದರೂ ಅವುಗಳ ಶುಲ್ಕವನ್ನು ತೆರುವುದು ಎಲ್ಲರಿಗೂ ಸಾಧ್ಯವಿಲ್ಲ; ಹಳ್ಳಿಗಳಿಗೆ ಅವು ದೂರವೂ ಹೌದು. ಇದಲ್ಲದೆ ಗರಡಿಯ ಬಾಗಿಲು ಹಿಂದಿನ ದಿನಗಳಲ್ಲಿ ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. 2016ರ ರಿಯೊ ಒಲಿಂಪಿಕ್ ಕ್ರೀಡಾಕೂಟದಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದ ಮೇಲೆ ಜನರ ಭಾವನೆ ಎಷ್ಟೋ ಬದಲಾಗಿದ್ದರೂ ಹಳ್ಳಿಯ ಬಾಲಕಿಗೆ ಬೆಳಗಿನ ಹೊತ್ತು ವ್ಯಾಯಾಮ ಮಾಡಲು ದೊರೆಯುವ ಜಾಗ ಮನೆಯ ಪಡಸಾಲೆಯೊಂದೇ ಆಗಿರುವುದುಂಟು. ಅವಳಿಗೂ, ವೃದ್ಧರಿಗೂ, ಬಿಡುವಿಲ್ಲದ ದುಡಿಮೆಗಾರರಿಗೂ ಮನೆಯೇ ಗರಡಿಯಾಗಬೇಕಾಗಿದೆ. ಆ ಗರಡಿಗೆ ಗುರುವಾಗಿ ಬಂದು ನಿಂತಿರುವುದು ಮೊಬೈಲ್ ಫೋನಿನ ಪರದೆಯ ಮೇಲೆ ಮೂಡುವ ವ್ಯಾಯಾಮದ ವಿಡಿಯೊ.

ಗುರುವನ್ನು ಮನೆಗೆ ಕರೆತರುವ ಈ ಪ್ರಯತ್ನ ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುಜೀನ್ ಸ್ಯಾಂಡೋ ಎಂಬ ಅಂಗಸಾಧಕನು ಯೂರೋಪು, ಅಮೆರಿಕಗಳಲ್ಲಿ ವಿಖ್ಯಾತನಾದನು. ಚಲನಚಿತ್ರವಿದ್ಯೆ ಇನ್ನೂ ಶೈಶವದಲ್ಲಿದ್ದ 1894ರಲ್ಲಿ ಎಡಿಸನ್ನನ ಚಿತ್ರಶಾಲೆಯಲ್ಲಿ ಈತನ ಮಾಂಸಖಂಡಗಳ ಚಲನೆಯನ್ನು ಕಿರುಚಿತ್ರವಾಗಿ ಸೆರೆಹಿಡಿಯಲಾಯಿತು. ಚಲಿಸುವ ಚಿತ್ರವೂ ವ್ಯಾಯಾಮವೂ ಹೀಗೆ ಮೊದಲಿನಿಂದಲೇ ಜೊತೆಗೂಡಿದವು. ಸ್ಯಾಂಡೋ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೂ ಬಂದು ಪ್ರದರ್ಶನಗಳನ್ನು ನೀಡಿದನು. ದೂರದ ಶಿಷ್ಯರಿಗೆ ಅಂಚೆಯ ಮೂಲಕ ವ್ಯಾಯಾಮಪಾಠಗಳನ್ನು ಕಳುಹಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಆತನು ಪ್ರಮುಖನು.

ಇದೇ ಮಾರ್ಗವನ್ನು ಕರ್ನಾಟಕದಲ್ಲಿ ಯಶಸ್ವಿಯಾಗಿ ನಡೆಸಿದವರು ಬೆಂಗಳೂರಿನ ಕೆ. ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃಗಳೆಂದು ಕನ್ನಡಿಗರಿಗೆ ಪರಿಚಿತರಾದ ಇವರು ತಮ್ಮ ಕಾಲದ ಶ್ರೇಷ್ಠ ಅಂಗಸಾಧಕರೂ ಆಗಿದ್ದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ನೂರಾರು ತರುಣರನ್ನು ತಿದ್ದಿದರು. ಸೂರ್ಯನಮಸ್ಕಾರ ಮತ್ತು ದೇಹದಾರ್ಢ್ಯಗಳನ್ನು ಕುರಿತು 1930ರ ದಶಕದಲ್ಲಿ ಪುಸ್ತಕಗಳನ್ನು ಪ್ರಕಟಿಸಿದರು. ವ್ಯಾಯಾಮಶಾಲೆಗೆ ಬರಲಾರದವರಿಗಾಗಿ ಅಂಚೆಯ ಮೂಲಕವೂ ಪಾಠ ಹೇಳಿದರು. ಅಂಚೆಯ ಪಾಠದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಲ್ಲಿ ಪತ್ರ ಎರಡೂ ಕಡೆಗೆ ಸಾಗುತ್ತದೆ. ಶಿಷ್ಯನು ತನ್ನ ವಯಸ್ಸು, ಅಳತೆ, ಕಸುಬು, ತೊಂದರೆಗಳನ್ನು ಬರೆದು ತಿಳಿಸಬಹುದು. ಗುರುವು ಅದಕ್ಕೆ ತಕ್ಕ ಉತ್ತರ ಕೊಡಬಹುದು. ಗುರುವಿನ ಕಣ್ಣು ಇಲ್ಲದಿದ್ದರೂ ಕಿವಿಯಾದರೂ ಅಲ್ಲಿರುತ್ತದೆ.

ಮೈಸೂರಿನಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದರು. 1934ರಲ್ಲಿ ಅವರ ‘ಯೋಗ ಮಕರಂದ’ ಎಂಬ ಕನ್ನಡ ಗ್ರಂಥ ಪ್ರಕಟವಾಯಿತು. 1938ರಲ್ಲಿ ಅವರೂ ಅವರ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರರೂ ಆಸನಗಳನ್ನು ಮಾಡಿ ತೋರಿಸಿದ ಮೂಕ ಚಲನಚಿತ್ರವೊಂದು ತಯಾರಾಯಿತು. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಬಾಲ್ಯದಲ್ಲಿ ರೋಗಗಳಿಂದ ಬಳಲಿದವರು. ಮುಂದೆ ಪುಣೆಯಲ್ಲಿ ನೆಲೆಸಿ ಜಗತ್ತಿನ ಪ್ರಸಿದ್ಧ ಯೋಗಗುರುಗಳಾದರು. 1966ರಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಎಂಬ ಗ್ರಂಥದಲ್ಲಿ ಸುಮಾರು 600 ಛಾಯಾಚಿತ್ರಗಳಿವೆ. ಯಾವ ಅಂಗ ಎಲ್ಲಿರಬೇಕು, ಎಷ್ಟು ಬಾಗಬೇಕು ಎಂಬುದನ್ನು ಅವರು ಚಿತ್ರದ ಜೊತೆಗೆ ಮಾತಿನಲ್ಲಿಯೂ ವಿವರಿಸಿದರು. ಚಿತ್ರವೊಂದೇ ಸಾಲದು, ವಿವರಣೆಯೂ ಬೇಕೆಂಬುದನ್ನು ಆ ಗ್ರಂಥ ತೋರಿಸಿಕೊಟ್ಟಿತು. ಮೈ ಸುಲಭವಾಗಿ ಬಾಗದವರಿಗಾಗಿ ಪಟ್ಟಿ, ಇಟ್ಟಿಗೆಯಾಕಾರದ ಮರದ ತುಂಡು, ಮಡಿಚಿದ ಕಂಬಳಿ ಮೊದಲಾದವುಗಳ ನೆರವನ್ನು ಬಳಕೆಗೆ ತಂದ ಕೀರ್ತಿಯೂ ಅವರದು.

ಗುರುವು ತಾನೇ ಹಳ್ಳಿಗಳಿಗೆ ನಡೆದುಬಂದ ಉದಾಹರಣೆಯೂ ಈ ನಾಡಿನಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಸ್ಥಾಪಿಸಿದ ರಾಘವೇಂದ್ರ ಸ್ವಾಮಿಗಳು ಊರಿಂದೂರಿಗೆ ಹೋಗಿ ಶಿಬಿರಗಳನ್ನು ನಡೆಸಿ ಅಸಂಖ್ಯಾತ ಜನರಿಗೆ ವ್ಯಾಯಾಮವನ್ನೂ ಯೋಗವನ್ನೂ ಕಲಿಸಿದರು. ಗೋಕಾಕ ತಾಲೂಕಿನ ಘಟಪ್ರಭೆಯೊಡನೆ ನಂಟಿದ್ದ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹುಟ್ಟಿದ ಹಿಂದುಸ್ಥಾನಿ ಸೇವಾದಳದ ಮೂಲಕ ಸ್ವಾತಂತ್ರ್ಯ ಹೋರಾಟದ ಸ್ವಯಂಸೇವಕರಿಗೆ ಕವಾಯತು ಮತ್ತು ಶಿಸ್ತಿನ ಶಿಕ್ಷಣ ದೊರೆಯುವಂತೆ ಮಾಡಿದರು. ಇವರೆಲ್ಲರ ಪದ್ಧತಿಗಳು ಬೇರೆ ಬೇರೆಯಾಗಿದ್ದರೂ ಕಲಿಯುವವನ ಎದುರಿಗೆ ಕಲಿಸುವವನು ನಿಂತಿರುತ್ತಿದ್ದನು.

ಯಂತ್ರಗಳು ಬೆಳೆದಂತೆ ಗುರುಶಿಷ್ಯರ ನಡುವಣ ದೂರವೂ ಬೆಳೆಯಿತು. ಜಪಾನಿನಲ್ಲಿ 1928ರಲ್ಲಿ ಬಾನುಲಿಯ ಮೂಲಕ ವ್ಯಾಯಾಮದ ಪಾಠ ಆರಂಭವಾಯಿತು. ಅಮೆರಿಕದಲ್ಲಿ 1982ರಲ್ಲಿ ನಟಿ ಜೇನ್ ಫಾಂಡಾ ಹೊರತಂದ ವ್ಯಾಯಾಮದ ವಿಡಿಯೊ ಸುರುಳಿ ಲಕ್ಷಾಂತರ ಮನೆಗಳನ್ನು ಹೊಕ್ಕಿತು. 2005ರಲ್ಲಿ ಯೂಟ್ಯೂಬ್ ಆರಂಭವಾದ ಮೇಲೆ ಯಾರು ಬೇಕಾದರೂ ವಿಡಿಯೊ ತಯಾರಿಸಿ ಜಗತ್ತಿಗೆಲ್ಲ ತೋರಿಸುವುದು ಸಾಧ್ಯವಾಯಿತು. 2020ರ ಮಾರ್ಚ್ 25ರಿಂದ ಕೊರೊನಾ ರೋಗದ ಕಾರಣ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಮೈದಾನ, ಗರಡಿ, ವ್ಯಾಯಾಮಶಾಲೆಗಳೂ ಮುಚ್ಚಿದವು. ಆ ತಿಂಗಳುಗಳಲ್ಲಿ ಮನೆಯಲ್ಲಿ ವಿಡಿಯೊ ನೋಡಿ ವ್ಯಾಯಾಮ ಮಾಡುವ ರೂಢಿ ಹಬ್ಬಿತು; ರೋಗ ಇಳಿದ ಮೇಲೂ ಅದು ಉಳಿಯಿತು.

ಇಂದು ವ್ಯಾಯಾಮದ ವಿಡಿಯೊಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಅವುಗಳಲ್ಲಿ ತಕ್ಕುದನ್ನು ಆರಿಸುವ ವಿವೇಕಕ್ಕೆ. ಈ ವಿವೇಕಕ್ಕೆ ಒಂದೇ ಮಾತು ತಳಹದಿಯಾಗಬಲ್ಲದು: ವಿಡಿಯೊ ತೋರಿಸಬಲ್ಲದು, ನೋಡಲಾರದು. ಅದರಲ್ಲಿ ಕಾಣುವ ಗುರುವಿಗೆ ಎದುರಿಗಿರುವವರು ಹದಿನಾಲ್ಕರ ಬಾಲಕರೋ ಅರವತ್ತರ ಅಜ್ಜಿಯೋ ತಿಳಿಯದು. ಮೊಣಕಾಲು ವಾಲಿದರೂ ಉಸಿರು ಕಟ್ಟಿದರೂ ಆತನು ನಗುಮುಖದಿಂದ ಎಣಿಕೆಯನ್ನು ಮುಂದುವರಿಸುತ್ತಲೇ ಇರುತ್ತಾನೆ. ಆದುದರಿಂದ ಈ ಕೊರತೆಯನ್ನು ಅರಿತು ಅದನ್ನು ಆದಷ್ಟು ತುಂಬಿಕೊಡುವ ವಿಡಿಯೊ ಒಳ್ಳೆಯದು; ಅದನ್ನು ಮರೆಮಾಚುವ ವಿಡಿಯೊ ಕೆಟ್ಟದ್ದು.

ಒಳ್ಳೆಯ ವಿಡಿಯೊ ಮೊದಲಿಗೇ ತಾನು ಯಾರಿಗಾಗಿ ಎಂಬುದನ್ನು ಹೇಳುತ್ತದೆ. ಹೊಸಬರಿಗೋ ಅನುಭವಿಗಳಿಗೋ, ಬೆನ್ನುನೋವು ಮೊಣಕಾಲುನೋವು ಇದ್ದವರು ಮಾಡಬಹುದೋ ಬಾರದೋ ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ. ಎಲ್ಲರಿಗೂ ಒಂದೇ ವ್ಯಾಯಾಮ ಹಿತವೆನ್ನುವವನು ಎಲ್ಲ ರೋಗಕ್ಕೂ ಒಂದೇ ಗುಳಿಗೆ ಕೊಡುವ ವೈದ್ಯನಂತೆ. ಕಲಿಸುವವನು ಈ ವಿದ್ಯೆಯನ್ನು ಎಲ್ಲಿ ಕಲಿತನು, ಎಷ್ಟು ಕಾಲ ಕಲಿಸಿದ್ದಾನೆ ಎಂಬುದನ್ನೂ ವಿಚಾರಿಸಬೇಕು. ಸುಂದರವಾದ ಮೈಕಟ್ಟು ಇದ್ದ ಮಾತ್ರಕ್ಕೆ ಕಲಿಸುವ ವಿದ್ಯೆ ಬಂದಂತಾಗದು. ಲಕ್ಷಾಂತರ ಜನ ನೋಡಿದ್ದಾರೆ ಎಂಬ ಸಂಖ್ಯೆಯೂ ಗುಣಕ್ಕೆ ಸಾಕ್ಷಿಯಲ್ಲ. ಜಾತ್ರೆಯಲ್ಲಿ ಹೆಚ್ಚು ಜನ ಸೇರುವುದು ಬಣ್ಣದ ಅಂಗಡಿಯ ಮುಂದೆಯೇ ಅಲ್ಲವೇ?

ಎರಡನೆಯದಾಗಿ ವ್ಯಾಯಾಮದ ಆದಿ ಮತ್ತು ಅಂತ್ಯಗಳನ್ನು ಗಮನಿಸಬೇಕು. ನಿದ್ದೆಯಿಂದ ಎದ್ದ ಮೈಯ ಸ್ನಾಯುಗಳು ಬಿಗಿದಿರುತ್ತವೆ. ಐದು ಹತ್ತು ನಿಮಿಷ ಮೆಲ್ಲಗೆ ಕೈಕಾಲು ಆಡಿಸಿದರೆ ಹೃದಯದ ಬಡಿತ ಹಂತಹಂತವಾಗಿ ಏರಿ, ಸ್ನಾಯುಗಳಿಗೆ ಹೆಚ್ಚು ರಕ್ತ ಹರಿದು ಅವು ಬೆಚ್ಚಗಾಗುತ್ತವೆ. ಅನಂತರ ಅವು ಸುಲಭವಾಗಿ ಹಿಗ್ಗಿ ಕುಗ್ಗುತ್ತವೆ. ಹಾಗೆಯೇ ಕೊನೆಯಲ್ಲಿ ವೇಗವನ್ನು ಕ್ರಮವಾಗಿ ಇಳಿಸಬೇಕು. ರಭಸದ ವ್ಯಾಯಾಮವನ್ನು ಥಟ್ಟನೆ ನಿಲ್ಲಿಸಿದರೆ ಕಾಲುಗಳಲ್ಲಿ ರಕ್ತ ತಂಗಿ ತಲೆಸುತ್ತು ಬರಬಹುದು. ಮೊದಲ ಕ್ಷಣದಿಂದಲೇ ಕುಣಿಸಿ ಜಿಗಿಸಿ, ಕೊನೆಯ ಎಣಿಕೆಯೊಡನೆ ಮುಗಿದುಹೋಗುವ ವಿಡಿಯೊ ಎಷ್ಟೇ ಮನೋಹರವಾಗಿದ್ದರೂ ಅದನ್ನು ಬಿಡುವುದೇ ಲೇಸು.

ಮೂರನೆಯದಾಗಿ ತೋರಿಸುವ ರೀತಿಯನ್ನು ಪರೀಕ್ಷಿಸಬೇಕು. ಬಸ್ಕಿಯನ್ನು ಎದುರಿನಿಂದ ಮಾತ್ರ ತೋರಿಸಿದರೆ ಮೊಣಕಾಲು ವಾಲುವುದು ಕಾಣುತ್ತದೆ, ಬೆನ್ನಿನ ಬಾಗು ಕಾಣುವುದಿಲ್ಲ. ಪಕ್ಕದಿಂದ ತೋರಿಸಿದರೆ ಬೆನ್ನು ಕಾಣುತ್ತದೆ, ಮೊಣಕಾಲು ಮರೆಯಾಗುತ್ತದೆ. ಎರಡೂ ಕಡೆಯಿಂದ ತೋರಿಸುವವನೇ ತಿಳಿದ ಗುರು. ಎಡಬಲಗಳ ತೊಡಕೂ ಇಲ್ಲಿದೆ. ಎದುರಿಗೆ ನಿಂತವನು ಬಲಗೈ ಎತ್ತಿದಾಗ ನೋಡುವವನು ಕನ್ನಡಿಯಲ್ಲಿ ಕಂಡಂತೆ ಎಡಗೈ ಎತ್ತುತ್ತಾನೆ. ಅನುಭವಿಯಾದ ಗುರು ಇದನ್ನು ಮೊದಲೇ ತಿಳಿಸುತ್ತಾನೆ. ಚಲನೆಗಳನ್ನು ಮಾತಿನಿಂದಲೂ ವಿವರಿಸುವುದು ಅವಶ್ಯ. ಬಾಗಿದಾಗ, ಮಲಗಿದಾಗ ಪರದೆಯನ್ನು ನೋಡಲು ಕತ್ತು ತಿರುಗಿಸಿದರೆ ಕತ್ತಿಗೆ ನೋವಾದೀತು. ಆಗ ಕಣ್ಣಿಗಿಂತ ಕಿವಿಯೇ ನೆರವಾಗಬೇಕು. ಉಸಿರನ್ನು ಯಾವಾಗ ಒಳಗೆಳೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಹೇಳದ ವಿಡಿಯೊ ಅರ್ಧ ಪಾಠವನ್ನು ಮಾತ್ರ ಕಲಿಸುತ್ತದೆ.

ನಾಲ್ಕನೆಯದಾಗಿ ವಿಡಿಯೊದಲ್ಲಿ ಸುಲಭದ ಮೆಟ್ಟಿಲುಗಳಿವೆಯೇ ಎಂದು ನೋಡಬೇಕು. ಪೂರ್ಣ ದಂಡ ಹೊಡೆಯಲಾರದವನು ಮೊದಲು ಗೋಡೆಗೆ ಕೈಯೂರಿ, ಬಳಿಕ ಗಟ್ಟಿಯಾದ ಕಟ್ಟೆಗೆ ಕೈಯೂರಿ, ಆಮೇಲೆ ಮೊಣಕಾಲುಗಳನ್ನು ನೆಲಕ್ಕೆ ತಾಗಿಸಿ ಅಭ್ಯಾಸ ಮಾಡಬಹುದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಬಲವನ್ನು ಬೆಳೆಸುವ ಕ್ರಮ. ಸ್ನಾಯು ತನ್ನ ರೂಢಿಗಿಂತ ತುಸು ಹೆಚ್ಚಿನ ಕೆಲಸಕ್ಕೆ ಒಳಗಾಗಿ, ಬಳಿಕ ಆಹಾರ ಮತ್ತು ವಿಶ್ರಾಂತಿಗಳನ್ನು ಪಡೆದಾಗ ಬಲಗೊಳ್ಳುತ್ತದೆ. ಕೆಲಸ ರೂಢಿಗಿಂತ ಬಹಳ ಹೆಚ್ಚಾದರೆ ನೋಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ವ್ಯಾಯಾಮಕ್ಕೂ ಸಲ್ಲುತ್ತದೆ. ಪರದೆಯ ಮೇಲಿನವನ ವೇಗಕ್ಕೆ ಸರಿದೊರೆಯಾಗಲು ಹೋಗುವುದು ಸಲ್ಲದು. ವಿಡಿಯೊವನ್ನು ಕತ್ತರಿಸಿ ಜೋಡಿಸಿರುತ್ತಾರೆ. ಆತನು ನಡುನಡುವೆ ಕುಳಿತು ದಣಿವಾರಿಸಿಕೊಂಡ ಹೊತ್ತು ನೋಡುವವರಿಗೆ ಕಾಣಿಸದೆ ಇರಬಹುದು.

ಐದನೆಯದಾಗಿ ವಿಡಿಯೊ ಕೊಡುವ ಭರವಸೆಗಳನ್ನು ತೂಗಿ ನೋಡಬೇಕು. ಒಂದು ವಾರದಲ್ಲಿ ಹೊಟ್ಟೆ ಕರಗುವುದೆಂದೂ ಒಂದು ತಿಂಗಳಲ್ಲಿ ಪೈಲ್ವಾನನ ಮೈ ಬರುವುದೆಂದೂ ಸಾರುವ ವಿಡಿಯೊಗಳು ಹಲವು. ಹೊಟ್ಟೆಯ ಸ್ನಾಯುಗಳನ್ನು ದುಡಿಸಿದರೆ ಅವು ಬಲಗೊಳ್ಳುತ್ತವೆಯೇ ಹೊರತು ಅವುಗಳ ಮೇಲಿನ ಕೊಬ್ಬು ಮಾತ್ರವೇ ಕರಗುವುದಿಲ್ಲ. ದೇಹವು ಕೊಬ್ಬನ್ನು ಎಲ್ಲ ಕಡೆಯಿಂದಲೂ ತನ್ನದೇ ಕ್ರಮದಲ್ಲಿ ಬಳಸಿಕೊಳ್ಳುತ್ತದೆ. ಇಂಥ ಭರವಸೆಗಳ ಬೆನ್ನಿಗೆ ಯಾವುದೋ ಪುಡಿ, ಯಾವುದೋ ಔಷಧದ ಮಾರಾಟವೂ ಇರುವುದುಂಟು. ಬೆಳೆಯುವ ವಯಸ್ಸಿನವರು ವೈದ್ಯರ ಸಲಹೆಯಿಲ್ಲದೆ ಇವುಗಳನ್ನು ಸೇವಿಸುವುದು ಅಪಾಯಕರ. ಸ್ನಾಯುಗಳನ್ನು ಬೇಗ ಉಬ್ಬಿಸಲು ಕೆಲವರು ಬಳಸುವ ಸ್ಟೆರಾಯ್ಡ್ ಔಷಧಗಳು ಯಕೃತ್ತು ಹೃದಯಗಳಿಗೆ ಹಾನಿ ಮಾಡುವುದಲ್ಲದೆ ಎಲುಬುಗಳ ಬೆಳವಣಿಗೆಯನ್ನು ಅಕಾಲದಲ್ಲಿ ನಿಲ್ಲಿಸಲೂಬಹುದು. ಪರದೆಯ ಮೇಲಿನ ಮೈಕಟ್ಟಿಗೆ ತನ್ನ ಮೈಯನ್ನು ಹೋಲಿಸಿ ಕೊರಗುವುದೂ ಒಂದು ಬಗೆಯ ಹಾನಿಯೇ. ಬೆಳಕು, ಕ್ಯಾಮೆರಾ, ಚಿತ್ರವನ್ನು ತಿದ್ದುವ ಯಂತ್ರಗಳು ಆ ರೂಪವನ್ನು ಎಷ್ಟು ಬದಲಿಸಿವೆಯೋ ಬಲ್ಲವರು ಕಡಿಮೆ.

ಹೀಗೆ ವಿಡಿಯೊವನ್ನು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ವಸ್ತಾದನ ಕಣ್ಣು ಮಾಡುತ್ತಿದ್ದ ಕಾರ್ಯವನ್ನು ಈಗ ಕಲಿಯುವವರೇ ವಹಿಸಿಕೊಳ್ಳಬೇಕು. ಮೊದಲ ಸಲ ವಿಡಿಯೊವನ್ನು ಕುಳಿತು ಪೂರ್ತಿಯಾಗಿ ನೋಡಬೇಕು. ಎರಡನೆಯ ಸಲ ಮಾಡಲು ಎದ್ದು ನಿಲ್ಲಬೇಕು. ಫೋನನ್ನು ನೆಲದ ಮೇಲಿಡದೆ ಗೋಡೆಯ ಗೂಡಿನಲ್ಲಿ, ಕಣ್ಣಿನ ಮಟ್ಟಕ್ಕೆ ಇಡುವುದು ಒಳಿತು. ದುಬಾರಿಯ ಚಾಪೆಯೇ ಬೇಕೆಂದಿಲ್ಲ; ಕಲ್ಲು ಹಾಸಿದ ನೆಲದ ಮೇಲೆ ಜಾರದಂತೆ ಹಾಸಿದ ಜಮಖಾನೆ ಸಾಕು. ಆದರೆ ಜಿಗಿಯುವ ವ್ಯಾಯಾಮಗಳಿಗೆ ಕಲ್ಲುನೆಲಕ್ಕಿಂತ ಅಂಗಳದ ಮಣ್ಣುನೆಲ ಮೇಲು. ಮನೆಯಲ್ಲಿ ಕನ್ನಡಿ ಇದ್ದರೆ ಅದರ ಮುಂದೆ ನಿಲ್ಲಬಹುದು. ಇಲ್ಲವಾದರೆ ಅಕ್ಕತಂಗಿಯರು, ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಿ ತಿದ್ದಬಹುದು. ಒಬ್ಬರು ಮಾಡುವುದು, ಇನ್ನೊಬ್ಬರು ನೋಡುವುದು ಎಂಬ ಈ ಸರಳ ಕ್ರಮದಿಂದ ಗರಡಿಯ ಅರ್ಧ ಗುಣ ಮನೆಗೆ ಬರುತ್ತದೆ. ಶಾಲೆಯ ದೈಹಿಕ ಶಿಕ್ಷಣದ ಗುರುಗಳ ಮುಂದೆ ವಾರಕ್ಕೊಮ್ಮೆ ಮಾಡಿ ತೋರಿಸಿದರೆ ಉಳಿದ ತಪ್ಪುಗಳೂ ತಿಳಿಯುತ್ತವೆ.

ಶ್ರಮದ ಪ್ರಮಾಣವನ್ನು ಅಳೆಯಲು ಯಾವ ಯಂತ್ರವೂ ಬೇಡ. ವ್ಯಾಯಾಮ ಮಾಡುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಶ್ರಮ ಮಧ್ಯಮ ಪ್ರಮಾಣದಲ್ಲಿದೆಯೆಂದು ತಿಳಿಯಬೇಕು. ಕೆಲವೇ ಶಬ್ದಗಳಿಗೆ ಉಸಿರು ಸಾಲದಾದರೆ ಅದು ತೀವ್ರವಾಗಿದೆ. ನೋವನ್ನು ಓದುವುದನ್ನೂ ಕಲಿಯಬೇಕು. ಹೊಸ ವ್ಯಾಯಾಮದ ಮರುದಿನ ಸ್ನಾಯುಗಳು ಮಂದವಾಗಿ ನೊಂದು ಎರಡು ಮೂರು ದಿನಗಳಲ್ಲಿ ತಾವಾಗಿಯೇ ಸರಿಯಾಗುವುದು ಸಹಜ. ಆದರೆ ಕೀಲುಗಳಲ್ಲಿ ಚುಚ್ಚಿದಂತಾಗುವ ನೋವು, ಊತ, ಎದೆನೋವು, ತಲೆಸುತ್ತುಗಳು ಎಚ್ಚರಿಕೆಯ ಗಂಟೆಗಳು. ಅಂಥ ಸಮಯದಲ್ಲಿ ಕೂಡಲೇ ನಿಲ್ಲಿಸಿ ಹಿರಿಯರಿಗೆ ತಿಳಿಸಬೇಕು. ಅವಶ್ಯವಿದ್ದರೆ ವೈದ್ಯರನ್ನು ಕಾಣಬೇಕು. ಉಬ್ಬಸ, ಹೃದಯದ ತೊಂದರೆ ಮುಂತಾದವುಗಳಿದ್ದವರು ವೈದ್ಯರನ್ನು ಕೇಳಿಯೇ ಆರಂಭಿಸುವುದು ಕ್ಷೇಮ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮವೇಕೆ? ಕಬ್ಬು ಕಡಿಯುವ, ಕಳೆ ಕೀಳುವ, ನೀರಿನ ಕೊಡ ಹೊರುವ ಮೈಗೆ ಶ್ರಮದ ಕೊರತೆಯಿಲ್ಲ ಎಂಬುದು ನಿಜ. ಆದರೆ ದುಡಿಮೆಯು ಒಂದೇ ಬಗೆಯ ಚಲನೆಯನ್ನು ಸಾವಿರಾರು ಸಲ ಮಾಡಿಸುತ್ತದೆ. ಮುಂದಕ್ಕೆ ಬಾಗಿದ ಬೆನ್ನು ಹಿಂದಕ್ಕೆ ಚಾಚುವ ಅವಕಾಶವೇ ದೊರೆಯದೆ ಸಂಜೆಯಾಗುತ್ತದೆ. ವ್ಯಾಯಾಮವು ದುಡಿಮೆ ಮುಟ್ಟದ ಅಂಗಗಳನ್ನು ಮುಟ್ಟುತ್ತದೆ. ದುಡಿಮೆ ಬಿಗಿಗೊಳಿಸಿದ ಅಂಗಗಳನ್ನು ಸಡಿಲಿಸುತ್ತದೆ. ಹೀಗಾಗಿ ಹೊಲದಿಂದ ಬಂದ ತಾಯಿಗೆ ಜಿಗಿದು ಕುಣಿಸುವ ವಿಡಿಯೊ ತಕ್ಕುದಲ್ಲ; ಬೆನ್ನು ಸೊಂಟಗಳನ್ನು ಮೆಲ್ಲಗೆ ಹಿಗ್ಗಿಸಿ ದಣಿವಾರಿಸುವ ಆಸನಗಳು ತಕ್ಕುವು. ದಿನವೆಲ್ಲ ಬೆಂಚಿನ ಮೇಲೆ ಕುಳಿತು ಓದುವ ಮಗಳಿಗೆ ಎದೆ ಬಡಿತ ಏರಿಸುವ, ಕಾಲುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. ಒಂದೇ ಮನೆಯ ಇಬ್ಬರಿಗೆ ಎರಡು ವಿಡಿಯೊಗಳು ಬೇಕಾಗುತ್ತವೆ. ಈ ಭೇದವನ್ನು ವಸ್ತಾದನಾದರೆ ನೋಡಿದೊಡನೆ ಅರಿಯುತ್ತಿದ್ದನು. ಈಗ ಮನೆಯವರೇ ಅರಿಯಬೇಕು.

5ರಿಂದ 17 ವರ್ಷದೊಳಗಿನವರು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈದಣಿಸಬೇಕೆಂದೂ ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಚಟುವಟಿಕೆಗಳು ಅದರಲ್ಲಿ ಸೇರಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ಮಾಡಿತು. ಇದೆಲ್ಲವೂ ವಿಡಿಯೊದ ಮುಂದೆಯೇ ಆಗಬೇಕೆಂದಿಲ್ಲ. ಶಾಲೆಗೆ ನಡೆದು ಹೋಗುವುದು, ಸೈಕಲ್ ತುಳಿಯುವುದು, ಖೊಖೊ, ಕಬಡ್ಡಿ, ಹಗ್ಗದಾಟ ಇವೆಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಮೈದಾನ ದೊರೆಯದ ಮಳೆಗಾಲದಲ್ಲಿ, ಪರೀಕ್ಷೆಯ ದಿನಗಳಲ್ಲಿ, ಹೊರಗೆ ಹೋಗಲು ಅನುಕೂಲವಿಲ್ಲದವರಿಗೆ ವಿಡಿಯೊ ನೆರವಾಗುತ್ತದೆ. ಆಟದ ಸಂತೋಷವನ್ನೂ ಗೆಳೆತನವನ್ನೂ ಅದು ತುಂಬಿಕೊಡಲಾರದು. ದಿನಕ್ಕೊಂದು ಹೊಸ ವಿಡಿಯೊ ಹುಡುಕುತ್ತ ಕುಳಿತರೆ ವ್ಯಾಯಾಮದ ವೇಳೆಯೆಲ್ಲ ಹುಡುಕಾಟದಲ್ಲಿಯೇ ಕಳೆಯುತ್ತದೆ. ಚೆನ್ನಾಗಿ ಆರಿಸಿದ ಎರಡು ಮೂರನ್ನು ಕೆಲವು ವಾರಗಳವರೆಗೆ ಬಿಡದೆ ಅಭ್ಯಾಸ ಮಾಡುವುದು ಫಲದಾಯಕ. ಎಷ್ಟು ಸಲ ಮಾಡಲಾಯಿತು, ಎಲ್ಲಿ ಕಷ್ಟವಾಯಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ತಿಂಗಳ ಕೊನೆಗೆ ಪ್ರಗತಿ ತಾನಾಗಿಯೇ ಕಾಣುತ್ತದೆ.

ಗರಡಿಯ ಮಣ್ಣು, ಅಂಚೆಯ ಪತ್ರ, ಪುಸ್ತಕದ ಚಿತ್ರ, ಅಂಗೈಯೊಳಗಿನ ಪರದೆ ಇವೆಲ್ಲ ವಿದ್ಯೆ ಹರಿದುಬಂದ ಕಾಲುವೆಗಳು. ಕಾಲುವೆ ಯಾವುದಾದರೂ ನೀರನ್ನು ಹೊಲಕ್ಕೆ ತಿರುಗಿಸುವುದು ರೈತನ ಕೆಲಸ. ಹೆಚ್ಚಾದರೆ ಬೆಳೆ ಕೊಳೆಯುತ್ತದೆ, ಕಡಿಮೆಯಾದರೆ ಬಾಡುತ್ತದೆ. ಆ ಹದವನ್ನು ಅರಿತು ನಡೆಯುವ ಮನೆಯಲ್ಲಿ, ಯಾವ ಗರಡಿಗೂ ಕಾಲಿಡದ ಬಾಲಕಿಯೂ ಬೆನ್ನು ಸೆಟೆದು ನಿಲ್ಲಬಲ್ಲಳು. ಮುಪ್ಪಿನಲ್ಲಿಯೂ ಅಜ್ಜನು ಊರುಗೋಲಿನ ಹಂಗಿಲ್ಲದೆ ನಡೆದಾಡಬಲ್ಲನು. ಪರದೆಯ ಮೇಲಿನ ಗುರುವು ತೋರಿಸಿದ್ದನ್ನು ತನ್ನ ಮೈಗೆ ತಕ್ಕಂತೆ ಅಳವಡಿಸಿಕೊಳ್ಳುವ, ತಪ್ಪಾದಾಗ ತಾನೇ ನಿಲ್ಲಿಸಿ ತಿದ್ದಿಕೊಳ್ಳುವ ಎಚ್ಚರವೇ ಮನೆಯೊಳಗಿನ ಗರಡಿಯ ವಸ್ತಾದ.